ಮರುನುಡಿ, ಮೌನ ಮತ್ತು ಆಪ್ತವಾಕ್ಯ

ವಾಯು ಸಂಚಾರ ನಿಯಂತ್ರಕರು ಮತ್ತು ಪೈಲಟ್‌ಗಳು ಸಾಮಾನ್ಯವಾಗಿ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ದೇಶವೂ ಬೇರೆ, ಮಾತೃಭಾಷೆಯೂ ಬೇರೆ. ಇಬ್ಬರನ್ನೂ ಬೆಸೆಯುವುದು ರೇಡಿಯೊದಲ್ಲಿ ಸಾಗುವ ನಾಲ್ಕಾರು ಸೆಕೆಂಡುಗಳ ಮಾತು. ಆ ಮಾತನ್ನು ನಂಬಿ ಪೈಲಟ್ ಏನೂ ಕಾಣದ ಮೋಡದೊಳಗೆ ವಿಮಾನವನ್ನು ಇಳಿಸುತ್ತಾರೆ. ಪೈಲಟ್ ಹೇಳಿದ ಎತ್ತರವನ್ನು ನಂಬಿ ನಿಯಂತ್ರಕರು ಅದರ ಕೆಳಗಿನಿಂದ ಇನ್ನೊಂದು ವಿಮಾನವನ್ನು ಹಾಯಿಸುತ್ತಾರೆ. ಇಬ್ಬರೂ ದಣಿದಿರಬಹುದು, ಅವಸರದಲ್ಲಿರಬಹುದು, ಹೆದರಿರಬಹುದು. ಇನ್ನೊಬ್ಬರ ಮಾತು ಯಾವ ಆಧಾರದ ಮೇಲೆ ಜ್ಞಾನವಾಗುತ್ತದೆ, ಒತ್ತಡದಲ್ಲಿರುವ ಮನಸ್ಸು ಆಡಿದ ಮಾತಿಗೆ ಎಷ್ಟು ಪ್ರಾಮಾಣ್ಯ, ಆ ಮಾತು ಕೆಟ್ಟಾಗ ಹೊಣೆ ಯಾರದು ಎಂಬ ಪ್ರಶ್ನೆಗಳು ವಿಮಾನಯಾನದಲ್ಲಿ ಬರೀ ಪುಸ್ತಕದ ಪ್ರಶ್ನೆಗಳಾಗಿ ಉಳಿಯುವುದಿಲ್ಲ. ಭಾರತೀಯ ದರ್ಶನಗಳು ಇವನ್ನೇ ಶಬ್ದಪ್ರಮಾಣದ ಹೆಸರಿನಲ್ಲಿ ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಚರ್ಚಿಸಿವೆ. ಆ ಚರ್ಚೆಯ ಕೆಲವು ಎಳೆಗಳು ನಿಯಂತ್ರಣ ಗೋಪುರದ ಮಾತುಕತೆಗೆ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತವೆ.

ನ್ಯಾಯದರ್ಶನದ ಪ್ರಕಾರ ಆಪ್ತರಾದವರ ಮಾತು ಪ್ರಮಾಣ. ಆಪ್ತ ಎಂದರೆ ಯಾರು ಎಂಬುದನ್ನು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ: ವಿಷಯವನ್ನು ನೇರವಾಗಿ ಅರಿತವನು, ಅರಿತದ್ದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಬಯಕೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಅನ್ವಯಿಸುತ್ತದೆ ಎಂದೂ ಆತ ಸೇರಿಸುತ್ತಾನೆ. ಕುಲ, ಭಾಷೆ, ದೇಶ ಯಾವುದೂ ಆಪ್ತತೆಯನ್ನು ಕೊಡುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ರಾಡಾರ್ ಪರದೆಯ ಮುಂದೆ ಕುಳಿತ ನಿಯಂತ್ರಕರು ಈ ಲಕ್ಷಣಕ್ಕೆ ತಕ್ಕವರು. ಪೈಲಟ್‌ಗೆ ಕಾಣದ ಆಕಾಶ ಅವರಿಗೆ ಕಾಣುತ್ತದೆ, ಸುಳ್ಳು ಹೇಳಲು ಅವರಿಗೆ ಯಾವ ಕಾರಣವೂ ಇಲ್ಲ. ಆದರೂ ಅವರ ಮಾತು ಕೆಡುತ್ತದೆ. ಇಲ್ಲಿಂದಲೇ ಸಮಸ್ಯೆ ಶುರುವಾಗುತ್ತದೆ.

ಮೊದಲು ಮಾತಿನ ಸಾಧನವನ್ನು ನೋಡಬೇಕು. ನಾಗರಿಕ ವಿಮಾನಗಳ ಧ್ವನಿ ಸಂಪರ್ಕ ಹೆಚ್ಚಾಗಿ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ವಿಎಚ್‌ಎಫ್ ತರಂಗಗಳ ಮೇಲೆ ನಡೆಯುತ್ತದೆ. ಒಂದು ತರಂಗಾಂತರದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬಹುದು. ಗುಂಡಿ ಒತ್ತಿ ಮಾತನಾಡುವಷ್ಟು ಹೊತ್ತು ಆಡುವವರಿಗೆ ಬೇರೆ ಯಾರ ಮಾತೂ ಕೇಳುವುದಿಲ್ಲ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಉಳಿದವರಿಗೆ ಕೇಳುವುದು ಕರ್ಕಶವಾದ ಸಿಳ್ಳೆ. ಆದ್ದರಿಂದ ಮಾತನ್ನು ಕಡಿಮೆ ಮಾಡಿ, ಪದಗಳನ್ನು ಗೊತ್ತುಪಡಿಸಿ, ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವ ಪದ್ಧತಿ ಬೆಳೆದಿದೆ. ಇಂಗ್ಲಿಷಿನ ಒಂಬತ್ತು 'ನೈನರ್' ಆದದ್ದು, ಹೌದು ಎನ್ನಲು 'ಅಫರ್ಮ್' ಎಂಬ ತುಂಡು ಪದ ನಿಂತದ್ದು ಹೀಗೆ. ಎಲ್ಲಕ್ಕಿಂತ ಮುಖ್ಯವಾದದ್ದು ರೀಡ್‌ಬ್ಯಾಕ್. ರನ್‌ವೇಗೆ ಪ್ರವೇಶ, ಟೇಕಾಫ್, ಎತ್ತರ, ದಿಕ್ಕು, ವೇಗ, ಆಲ್ಟಿಮೀಟರ್‌ನ ಒತ್ತಡದ ಅಂಕಿ ಇಂಥವನ್ನು ಕೇಳಿಸಿಕೊಂಡ ಪೈಲಟ್ ಅದನ್ನು ತಿರುಗಿ ಹೇಳಲೇಬೇಕು. ಆ ಮರುನುಡಿಯನ್ನು ನಿಯಂತ್ರಕರು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. ಈ ಎರಡನೆಯ ಕೆಲಸಕ್ಕೆ ಹಿಯರ್‌ಬ್ಯಾಕ್ ಎನ್ನುತ್ತಾರೆ.

ಜ್ಞಾನ ತಾನಾಗಿಯೇ ಪ್ರಮಾಣವೋ ಅಥವಾ ಇನ್ನೊಂದರಿಂದ ಅದಕ್ಕೆ ಪ್ರಾಮಾಣ್ಯ ಬರಬೇಕೋ ಎಂಬ ವಾದದಲ್ಲಿ ದರ್ಶನಗಳು ಎರಡಾಗಿ ಒಡೆದಿವೆ. ಮೀಮಾಂಸಕರು ಸ್ವತಃಪ್ರಾಮಾಣ್ಯವಾದಿಗಳು. ಬಾಧಿಸುವ ಕಾರಣ ಎದುರಾಗುವವರೆಗೆ ಅರಿವು ನಿಜವೆಂದೇ ನಡೆಯಬೇಕು ಎನ್ನುತ್ತಾರೆ. ಉಡುಪಿಯ ಮಧ್ವಾಚಾರ್ಯರ ದ್ವೈತವೂ ಸಾಕ್ಷಿ ಎಂಬ ಒಳ ಅರಿವಿನ ತತ್ತ್ವವನ್ನು ಮುಂದಿಟ್ಟುಕೊಂಡು ಇದೇ ಪಕ್ಷದಲ್ಲಿ ನಿಲ್ಲುತ್ತದೆ. ನೈಯಾಯಿಕರು ಪರತಃಪ್ರಾಮಾಣ್ಯವಾದಿಗಳು. ಅರಿವು ನಿಜವೋ ಅಲ್ಲವೋ ಎಂಬುದು ಹೊರಗಿನ ಪರೀಕ್ಷೆಯಿಂದ, ಮುಖ್ಯವಾಗಿ ಅದನ್ನು ನಂಬಿ ಮಾಡಿದ ಕೆಲಸ ಫಲಿಸುವುದರಿಂದ ತಿಳಿಯುತ್ತದೆ ಎಂಬುದು ಅವರ ನಿಲುವು. ರನ್‌ವೇಯಲ್ಲಿ ನಿಂತವರು ಫಲ ನೋಡಿ ಪ್ರಾಮಾಣ್ಯ ತೀರ್ಮಾನಿಸುವಂತಿಲ್ಲ. ಫಲ ಕಂಡಾಗ ಕಾಲ ಮಿಂಚಿರುತ್ತದೆ. ಮರುನುಡಿ ಎಂದರೆ ಪರೀಕ್ಷೆಯನ್ನು ಕೆಲಸಕ್ಕಿಂತ ಮುಂಚೆಯೇ ತಂದಿಡುವ ಏರ್ಪಾಡು.

ಪರತಃಪ್ರಾಮಾಣ್ಯದ ವಿರುದ್ಧ ಮೀಮಾಂಸಕರ ಹಳೆಯ ಆಕ್ಷೇಪ ಅನವಸ್ಥೆಯದು. ಒಂದು ಅರಿವಿಗೆ ಇನ್ನೊಂದು ಅರಿವಿನ ಒಪ್ಪಿಗೆ ಬೇಕಾದರೆ, ಆ ಇನ್ನೊಂದಕ್ಕೆ ಮತ್ತೊಂದು ಬೇಕಾಗುತ್ತದೆ; ಈ ಸರಣಿ ಎಲ್ಲಿಯೂ ನಿಲ್ಲುವುದಿಲ್ಲ. ರೇಡಿಯೊ ಪದ್ಧತಿ ಇದನ್ನು ಒಂದು ಕಡೆ ಕತ್ತರಿಸುತ್ತದೆ. ನಿಯಂತ್ರಕರು ಹೇಳುತ್ತಾರೆ, ಪೈಲಟ್ ಮರುನುಡಿಯುತ್ತಾರೆ, ಅದು ಸರಿಯಿದ್ದರೆ ನಿಯಂತ್ರಕರು ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಮೌನವೇ ಒಪ್ಪಿಗೆ. ಇಡೀ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಈ ಮೌನದಲ್ಲಿದೆ.

1989ರ ಫೆಬ್ರವರಿ 19ರಂದು ಮಲೇಷ್ಯಾದ ಕ್ವಾಲಾಲಂಪುರದ ಹತ್ತಿರ ಫ್ಲೈಯಿಂಗ್ ಟೈಗರ್ ಸಂಸ್ಥೆಯ 66ನೇ ಸಂಖ್ಯೆಯ ಬೋಯಿಂಗ್ 747 ಸರಕು ವಿಮಾನ ಇಳಿಯುತ್ತಿತ್ತು. 2,400 ಅಡಿಗೆ ಇಳಿಯಿರಿ ಎಂದು ನಿಯಂತ್ರಕರು ಅಂಕಿಗಳನ್ನು ಬಿಡಿಸಿ ಹೇಳಿದರು: 'ಟೂ ಫೋರ್ ಝೀರೋ ಝೀರೋ'. ವಿಮಾನದಲ್ಲಿದ್ದವರ ಕಿವಿಗೆ ಮೊದಲ 'ಟೂ' ಅಂಕಿಯಾಗಿ ಬೀಳಲಿಲ್ಲ. 'ಗೆ' ಎಂಬರ್ಥದ 'ಟು' ಆಗಿ ಬಿತ್ತು. ಉತ್ತರವಾಗಿ ಹೋದದ್ದು 'ಫೋರ್ ಝೀರೋ ಝೀರೋ' ಮಾತ್ರ, ಅಂದರೆ 400 ಅಡಿ. ಮರುನುಡಿಯಲ್ಲಿ ತಪ್ಪು ಎದ್ದು ಕಾಣುವಂತೆಯೇ ಇತ್ತು. ಯಾರೂ ತಿದ್ದಲಿಲ್ಲ. ನೆಲ ಹತ್ತಿರವಾಗುತ್ತಿದೆ ಎಂದು ವಿಮಾನದ ಯಂತ್ರ ಎಚ್ಚರಿಸಿದರೂ ಇಳಿಯುವುದು ನಿಲ್ಲಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು.

ಭಾಟ್ಟ ಮೀಮಾಂಸೆಯಲ್ಲಿ ಅನುಪಲಬ್ಧಿ ಎಂಬುದು ಆರನೆಯ ಪ್ರಮಾಣ. ಇಲ್ಲದಿರುವುದು ತಿಳಿಯುವುದು ಕಾಣದಿರುವುದರಿಂದ. ಆದರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನುವಂತಿಲ್ಲ. ಕತ್ತಲಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ ಎಂದು ಸಾಧಿಸಿದಂತಾಗದು. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬ ಸ್ಥಿತಿಯಲ್ಲಿ ಕಾಣದಿರುವುದೇ ಪ್ರಮಾಣ. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ನಿಯಂತ್ರಕರ ಮೌನದಿಂದ ಪೈಲಟ್ ಮಾಡುವ ನಿರ್ಣಯ ಇದೇ ಬಗೆಯದು: ತನ್ನ ಮರುನುಡಿಯಲ್ಲಿ ತಪ್ಪಿದ್ದಿದ್ದರೆ ಅವರಿಗೆ ಕೇಳಿಸುತ್ತಿತ್ತು, ಕೇಳಿಸಿದ್ದರೆ ತಿದ್ದುತ್ತಿದ್ದರು, ತಿದ್ದಲಿಲ್ಲವಾದ್ದರಿಂದ ತಪ್ಪಿಲ್ಲ. ಈ ತರ್ಕದ ಕೊಂಡಿ 'ಕೇಳಿಸುತ್ತಿತ್ತು' ಎಂಬಲ್ಲಿದೆ. ಹತ್ತು ವಿಮಾನಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತ, ಒಂದು ಕಿವಿ ಟೆಲಿಫೋನಿಗೆ ಕೊಟ್ಟು, ಮುಂದಿನ ಆದೇಶವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿರುವ ನಿಯಂತ್ರಕರಿಗೆ ತಪ್ಪು ಕೇಳಿಸದೇ ಹೋಗಬಹುದು. ಆಗ ಮೌನಕ್ಕೆ ಪ್ರಾಮಾಣ್ಯವಿಲ್ಲ. ಆದರೆ ಮೌನ ಮಾತ್ರ ಎಂದಿನಂತೆಯೇ ಇರುತ್ತದೆ. ಗಮನವಿಟ್ಟು ಕೇಳಿದವರ ಮೌನಕ್ಕೂ ಕೇಳಿಸದೇ ಹೋದವರ ಮೌನಕ್ಕೂ ರೇಡಿಯೊದ ಇನ್ನೊಂದು ತುದಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಒತ್ತಡ ಮಾಡುವ ಅತಿ ದೊಡ್ಡ ಹಾನಿ ಇದು. ಅದು ಮಾತನ್ನು ಕೆಡಿಸಿದರೆ ಕೆಟ್ಟದ್ದು ಕಿವಿಗೆ ಬೀಳುತ್ತದೆ. ಕೇಳುವಿಕೆಯನ್ನು ಕೆಡಿಸಿದರೆ ಯಾರಿಗೂ ತಿಳಿಯುವುದಿಲ್ಲ.

ನ್ಯಾಯ ವೈಶೇಷಿಕರು ಮನಸ್ಸನ್ನು ಅಣು ಎಂದರು. ಇಂದ್ರಿಯಗಳೆಲ್ಲ ತೆರೆದೇ ಇದ್ದರೂ ಅರಿವುಗಳು ಒಟ್ಟಿಗೆ ಹುಟ್ಟುವುದಿಲ್ಲ, ಏಕೆಂದರೆ ಮನಸ್ಸು ಒಂದು ಕ್ಷಣಕ್ಕೆ ಒಂದೇ ಇಂದ್ರಿಯದೊಂದಿಗೆ ಕೂಡುತ್ತದೆ ಎಂಬುದು ಅವರ ವಾದ. ಆಧುನಿಕ ಮನೋವಿಜ್ಞಾನ ಬೇರೆ ದಾರಿಯಿಂದ ಬಂದರೂ ಇದೇ ಮಗ್ಗುಲಿಗೆ ಬಂದು ನಿಲ್ಲುತ್ತದೆ. ಉದ್ವೇಗ ಒಂದು ಹದದವರೆಗೆ ಕೆಲಸವನ್ನು ಚುರುಕಾಗಿಸಿ ಆ ಹದ ಮೀರಿದರೆ ಕೆಡಿಸುತ್ತದೆ ಎಂಬ ತಿಳಿವಳಿಕೆಗೆ ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗ ಮೂಲ. ಉದ್ವೇಗ ಏರಿದಂತೆ ಗಮನದ ಪರಿಧಿ ಕುಗ್ಗಿ, ಅಂಚಿನಲ್ಲಿರುವ ಸೂಚನೆಗಳು ಮೊದಲು ಜಾರಿ ಹೋಗುತ್ತವೆ ಎಂದು ಈಸ್ಟರ್‌ಬ್ರೂಕ್ 1959ರಲ್ಲಿ ವಾದಿಸಿದರು. ದಣಿದ ಮನಸ್ಸು ಕಿವಿಗೆ ಬಿದ್ದದ್ದಕ್ಕಿಂತ ತಾನು ನಿರೀಕ್ಷಿಸುತ್ತಿದ್ದುದನ್ನೇ ಕೇಳುತ್ತದೆ. ಗಾಬರಿಯಾದ ಮನಸ್ಸು ಎರಡನೆಯ ಭಾಷೆಯಿಂದ ಮೊದಲ ಭಾಷೆಯ ವಾಕ್ಯರಚನೆಗೆ ಜಾರುತ್ತದೆ. ನಿಯಂತ್ರಕರ ದೇಹವೂ ಇದರ ಬೆಲೆ ತೆರುತ್ತದೆ. ಅಮೆರಿಕದ ನಿಯಂತ್ರಕರಲ್ಲಿ ರಕ್ತದೊತ್ತಡ ಮತ್ತು ಜಠರದ ಹುಣ್ಣು ಹೆಚ್ಚಿರುವುದನ್ನು ಕಾಬ್ ಮತ್ತು ರೋಸ್ 1973ರಲ್ಲಿ ಪ್ರಕಟಿಸಿದರು. 1981ರ ಆಗಸ್ಟ್‌ನಲ್ಲಿ ಅಲ್ಲಿನ ನಿಯಂತ್ರಕರು ಮುಷ್ಕರ ಹೂಡಿದಾಗ ವಾರದ ಕೆಲಸದ ಅವಧಿಯನ್ನು ಇಳಿಸಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ರೇಗನ್ ಸರ್ಕಾರ 11,000ಕ್ಕೂ ಹೆಚ್ಚು ಮಂದಿಯನ್ನು ವಜಾ ಮಾಡಿತು.

ಆಪ್ತನಲ್ಲಿ ಇರಬಾರದ ನಾಲ್ಕು ದೋಷಗಳನ್ನು ಶಾಸ್ತ್ರಕಾರರು ಎಣಿಸುತ್ತಾರೆ: ಭ್ರಮೆ, ಪ್ರಮಾದ, ವಿಪ್ರಲಿಪ್ಸೆ ಅಂದರೆ ಮೋಸಗೊಳಿಸುವ ಇಚ್ಛೆ, ಕರಣಾಪಾಟವ ಅಂದರೆ ಇಂದ್ರಿಯಗಳ ಅಸಾಮರ್ಥ್ಯ. ಆಕಾಶದ ಮಾತಿನಲ್ಲಿ ಮೂರನೆಯದು ಇಲ್ಲವೆಂದೇ ಹೇಳಬೇಕು. ಉಳಿದ ಮೂರೂ ಒಂದೇ ನಿಮಿಷದಲ್ಲಿ ಸೇರಿಕೊಂಡದ್ದಕ್ಕೆ ಟೆನೆರಿಫೆ ಉದಾಹರಣೆ.

1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳು. ಗ್ರಾನ್ ಕನಾರಿಯಾ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳನ್ನು ಟೆನೆರಿಫೆಯ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ಕಳುಹಿಸಲಾಗಿತ್ತು. ಮಂಜು ಕವಿದು ಗೋಪುರದಿಂದ ರನ್‌ವೇ ಕಾಣುತ್ತಿರಲಿಲ್ಲ. ನೆಲದ ರಾಡಾರ್ ಇರಲಿಲ್ಲ. ಹಾಗೆ ಬಂದಿದ್ದ ಕೆಎಲ್‌ಎಂ ವಿಮಾನದ ಕ್ಯಾಪ್ಟನ್‌ಗೆ ಕೆಲಸದ ಅವಧಿ ಮೀರುವ ಚಿಂತೆ. ಆ ವಿಮಾನ ರನ್‌ವೇಯ ತುದಿಯಲ್ಲಿ ತಿರುಗಿ ನಿಂತಾಗ, ಅದೇ ರನ್‌ವೇಯಲ್ಲಿ ಪ್ಯಾನ್ ಆಮ್ ವಿಮಾನ ಇನ್ನೂ ಎದುರಿನಿಂದ ಸಾಗಿ ಬರುತ್ತಿತ್ತು. ನಿಯಂತ್ರಕರು ಕೆಎಲ್‌ಎಂಗೆ ಮೇಲೇರಿದ ನಂತರದ ಮಾರ್ಗದ ಅನುಮತಿ ಕೊಟ್ಟರು. ಅದು ಟೇಕಾಫ್ ಅನುಮತಿಯಲ್ಲ. ಸಹ ಪೈಲಟ್ ಅದನ್ನು ಮರುನುಡಿಯುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟಿದ್ದರು. ಸಹ ಪೈಲಟ್ ಕೊನೆಗೆ ಅವಸರದಲ್ಲಿ, ತಾವು ಈಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಮಾತೊಂದನ್ನು ಸೇರಿಸಿದರು. ಟೇಕಾಫ್‌ಗೆ ಸಿದ್ಧರಾಗಿ ನಿಂತಿದ್ದಾರೆ ಎಂದು ನಿಯಂತ್ರಕರಿಗೆ ಅರ್ಥವಾಯಿತು. ಓಡಲು ಶುರು ಮಾಡಿದ್ದೇವೆ ಎಂಬುದು ವಿಮಾನದೊಳಗಿನ ಸ್ಥಿತಿ. ನಿಯಂತ್ರಕರು ಓಕೆ ಎಂದು ಒಂದು ಕ್ಷಣ ತಡೆದು, ಕಾಯಿರಿ, ತಾನು ಕರೆಯುತ್ತೇನೆ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್, ತಾವಿನ್ನೂ ರನ್‌ವೇಯಲ್ಲೇ ಇದ್ದೇವೆ ಎಂದಿತು. ಎರಡು ಮಾತುಗಳು ಡಿಕ್ಕಿ ಹೊಡೆದು ಕೆಎಲ್‌ಎಂನಲ್ಲಿ ಸ್ಪಷ್ಟವಾಗಿ ಕೇಳಿದ್ದು ಓಕೆ ಮಾತ್ರ. ಅದರ ಹಿಂದೆಯೇ ಸಿಳ್ಳೆ.

ಇಲ್ಲಿಯವರೆಗೂ ನಡೆದದ್ದು ಭ್ರಮೆ ಮತ್ತು ಕರಣಾಪಾಟವ. ಮುಂದಿನದು ಇನ್ನೂ ಗಂಭೀರ. ರನ್‌ವೇ ಖಾಲಿಯಾದಾಗ ತಿಳಿಸಿ ಎಂದು ನಿಯಂತ್ರಕರು ಪ್ಯಾನ್ ಆಮ್‌ಗೆ ಹೇಳಿದ್ದು ಕೆಎಲ್‌ಎಂನಲ್ಲಿ ಕೇಳಿಸಿತು. ಅದನ್ನು ಕೇಳಿದ ಫ್ಲೈಟ್ ಎಂಜಿನಿಯರ್, ಆ ವಿಮಾನ ಇನ್ನೂ ಹೊರಗೆ ಹೋಗಿಲ್ಲವೇ ಎಂದು ಪ್ರಶ್ನಿಸಿದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಅವರು ಸಂಸ್ಥೆಯ ಹಿರಿಯ ತರಬೇತುದಾರರು. ಪಕ್ಕದಲ್ಲಿ ಕುಳಿತಿದ್ದ ಸಹ ಪೈಲಟ್‌ನ ಅರ್ಹತೆಯನ್ನು ಎರಡು ತಿಂಗಳ ಹಿಂದೆ ಪರೀಕ್ಷಿಸಿದವರೂ ಅವರೇ. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎರಡೂ ವಿಮಾನಗಳು ಅಪ್ಪಳಿಸಿ 583 ಜನ ಸತ್ತರು. ಸರಿಯಾದ ಸಂಶಯ ಸರಿಯಾದ ಹೊತ್ತಿಗೆ ಹುಟ್ಟಿ, ಹಿರಿಯರ ಒಂದು ಮಾತಿಗೆ ಅಡಗಿತು. ಆಪ್ತತೆಯನ್ನು ವ್ಯಕ್ತಿಯ ಘನತೆಯೊಂದಿಗೆ ಬೆಸೆದರೆ ಆಗುವ ಅನಾಹುತ ಇದಕ್ಕಿಂತ ಸ್ಪಷ್ಟವಾಗಿ ಕಾಣಲಾರದು. ಈ ಅಪಘಾತದ ನಂತರ ಟೇಕಾಫ್ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಡೆ 'ಡಿಪಾರ್ಚರ್' ಎನ್ನಬೇಕು ಎಂಬ ನಿಯಮ ನೆಲೆಗೊಂಡಿತು. ಕಿರಿಯರ ಸಂಶಯಕ್ಕೆ ಜಾಗ ಮಾಡಿಕೊಡುವ ತರಬೇತಿ 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ರೂಪ ಪಡೆಯಿತು. ಆ ತರಬೇತಿ ಇದ್ದೂ ಕಿರಿಯರ ಮಾತು ಸೋಲಬಹುದು ಎಂಬುದಕ್ಕೆ 2010ರ ಮೇ 22ರ ಮಂಗಳೂರು ದುರಂತ ಸಾಕ್ಷಿ. ಬಜ್ಪೆಯಲ್ಲಿ ಇಳಿಯುವ ಮುನ್ನ ಸಹ ಪೈಲಟ್ ಮತ್ತೆ ಮೇಲೇರೋಣ ಎಂದು ಮೂರು ಬಾರಿ ಹೇಳಿದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿತ್ತು. ಕ್ಯಾಪ್ಟನ್ ಪ್ರಯಾಣದಲ್ಲಿ ದೀರ್ಘ ಹೊತ್ತು ನಿದ್ರಿಸಿದ್ದರು. 158 ಜನ ಸತ್ತರು.

ಆಸ್ಟಿನ್ ಎಂಬ ಬ್ರಿಟಿಷ್ ದಾರ್ಶನಿಕ 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಕೆಲವು ಮಾತುಗಳು ಏನನ್ನೂ ವರ್ಣಿಸದೆ ಒಂದು ಕೆಲಸವನ್ನೇ ಮಾಡುತ್ತವೆ ಎಂದು ತೋರಿಸಿದರು. ನಿಯಂತ್ರಕರ ಅನುಮತಿ ಆ ಬಗೆಯ ಮಾತು. ಮೀಮಾಂಸಕರಿಗೆ ಇದು ಹೊಸತಾಗುತ್ತಿರಲಿಲ್ಲ; ಶಬ್ದದ ತಿರುಳು ವಿಧಿಯಲ್ಲಿದೆ ಎಂದವರು ಅವರು. ಹಸುವನ್ನು ತಾ ಎಂದು ಹಿರಿಯನೊಬ್ಬ ಹೇಳಿದಾಗ ಇನ್ನೊಬ್ಬ ಹೋಗಿ ತರುವುದನ್ನು ನೋಡಿ ಮಗು ಮಾತಿನ ಅರ್ಥ ಕಲಿಯುತ್ತದೆ ಎಂಬುದು ಅವರ ಹೆಸರಾದ ಉದಾಹರಣೆ. ಹೇಳಿದ್ದನ್ನು ಕೇಳಿದವರು ಅದೇ ಕೆಲಸವೆಂದು ಸ್ವೀಕರಿಸಿದಾಗಲೇ ಆ ಮಾತು ಪೂರ್ತಿಯಾಗುತ್ತದೆ.

ಸ್ವೀಕಾರವಾಗದ ಮಾತಿಗೆ ಏವಿಯಾಂಕಾ 52 ಉದಾಹರಣೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಈ ಬೋಯಿಂಗ್ 707 ಕೆಟ್ಟ ಹವೆಯಿಂದಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲಿ ಸುತ್ತಬೇಕಾಯಿತು. ಇಂಧನ ಬರಿದಾಗುತ್ತಿತ್ತು. ಮೊದಲ ಪ್ರಯತ್ನದಲ್ಲಿ ಇಳಿಯಲಾಗದೆ ಮತ್ತೆ ಮೇಲೇರಿದಾಗ ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ, ನಾವು ತುರ್ತು ಸ್ಥಿತಿಯಲ್ಲಿದ್ದೇವೆ ಎಂದು ತಿಳಿಸು ಎಂದರು. ಸಹ ಪೈಲಟ್ ನಿಯಂತ್ರಕರಿಗೆ ಹೇಳಿದ್ದು ದಿಕ್ಕಿನ ಮರುನುಡಿಯನ್ನು, ಅದರ ಬಾಲವಾಗಿ ಇಂಧನ ಮುಗಿಯುತ್ತಿದೆ ಎಂಬುದನ್ನು. ತುರ್ತು ಎಂಬ ಪದವಾಗಲೀ ಮೇಡೇ ಎಂಬ ಕರೆಯಾಗಲೀ ಬರಲಿಲ್ಲ. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದರೆ ಹೇಳಿದೆ ಎಂಬ ಉತ್ತರ. ಮತ್ತೆ ಸುತ್ತಿಬರುವ ದಾರಿ ಇಂಧನದ ದೃಷ್ಟಿಯಿಂದ ಪರವಾಗಿಲ್ಲವೇ ಎಂದು ನಿಯಂತ್ರಕರು ಕೇಳಿದಾಗಲೂ ಬಂದದ್ದು, ಪರವಾಗಿಲ್ಲ ಅನ್ನಿಸುತ್ತದೆ ಎಂಬರ್ಥದ, ಧನ್ಯವಾದ ಸೇರಿಸಿದ ವಿನಯದ ಮಾತು. ನಾಲ್ಕೂ ಎಂಜಿನ್‌ಗಳು ಆರಿ ವಿಮಾನ ಲಾಂಗ್ ಐಲೆಂಡಿನ ಕೋವ್ ನೆಕ್‌ನಲ್ಲಿ ಬಿತ್ತು. 73 ಜನ ಸತ್ತರು. ವಾಕ್ಯಾರ್ಥಕ್ಕೆ ಬೇಕೆಂದು ಶಾಸ್ತ್ರ ಹೇಳುವ ಆಕಾಂಕ್ಷೆ (ಪದಗಳ ಪರಸ್ಪರ ಅಪೇಕ್ಷೆ), ಯೋಗ್ಯತೆ (ಅರ್ಥದ ಹೊಂದಿಕೆ), ಸನ್ನಿಧಿ (ಪದಗಳ ಸಾಮೀಪ್ಯ) ಮೂರೂ ಸಹ ಪೈಲಟ್‌ನ ವಾಕ್ಯದಲ್ಲಿದ್ದವು. ದಾಟದೇ ಹೋದದ್ದು ತಾತ್ಪರ್ಯ. ವಿಮಾನಗಳು ಸಾಲುಗಟ್ಟಿದ ಆ ರಾತ್ರಿ ಇಂಧನದ ಮಾತು ನಿಯಂತ್ರಕರ ಕಿವಿಗೆ ಹಲವರ ದೂರುಗಳಲ್ಲಿ ಒಂದಾಗಿ ಬಿದ್ದಿರಬೇಕು. ಸಾವಿನ ಅಂಚಿನಲ್ಲೂ ಸಂಕೋಚ ಬಿಡದ ಆ ಯುವಕನ ಬಗ್ಗೆ ಮರುಕ ಪಡದೆ ಆ ಧ್ವನಿಮುದ್ರಣದ ಬರಹವನ್ನು ಓದುವುದು ಕಷ್ಟ. 2012ರಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಇಂಥ ಸಂದರ್ಭಕ್ಕೆ 'ಮಿನಿಮಮ್ ಫ್ಯೂಯಲ್' ಮತ್ತು 'ಮೇಡೇ ಫ್ಯೂಯಲ್' ಎಂಬ ಗೊತ್ತಾದ ನುಡಿಗಟ್ಟುಗಳನ್ನು ನಿಯಮಕ್ಕೆ ಸೇರಿಸಿತು.

14ನೇ ಶತಮಾನದ ದ್ವೈತ ಟೀಕಾಚಾರ್ಯ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಶಬ್ದದ ದೋಷಗಳನ್ನು ಪಟ್ಟಿ ಮಾಡುತ್ತಾರೆ. ಅರ್ಥವನ್ನೇ ತಿಳಿಸದಿರುವುದು, ವಿಪರೀತವಾಗಿ ತಿಳಿಸುವುದು, ಗೊತ್ತಿದ್ದುದನ್ನೇ ಹೇಳುವುದು, ಪ್ರಯೋಜನವಿಲ್ಲದಿರುವುದು, ಆಗದ ಕೆಲಸವನ್ನು ವಿಧಿಸುವುದು, ಹಗುರವಾದ ಉಪಾಯವಿರುವಾಗ ಭಾರವಾದದ್ದನ್ನು ಹೇಳುವುದು ಅದರಲ್ಲಿವೆ. ಜಯತೀರ್ಥರ ಗಮನ ಇದ್ದದ್ದು ಆಗಮದ ನಿರ್ದೋಷತ್ವದ ಕಡೆಗೆ. ಆದರೂ ದೋಷವನ್ನು ಆಡಿದವನ ಗುಣದಲ್ಲಿ ಹುಡುಕದೆ ಮಾತಿನ ರಚನೆಯಲ್ಲಿಯೇ ಹುಡುಕುವ ಈ ಕ್ರಮ ರೇಡಿಯೊ ನುಡಿಗಟ್ಟುಗಳನ್ನು ರೂಪಿಸಿದವರ ಕ್ರಮವೂ ಹೌದು.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ದೆಹಲಿಯಿಂದ ಹೊರಟ ಸೌದಿ ವಿಮಾನವೂ ದೆಹಲಿಗೆ ಇಳಿಯುತ್ತಿದ್ದ ಕಝಾಕಿಸ್ತಾನದ ವಿಮಾನವೂ ಡಿಕ್ಕಿ ಹೊಡೆದು 349 ಜನ ಸತ್ತರು. ಒಂದು 14,000 ಅಡಿಯಲ್ಲಿ, ಇನ್ನೊಂದು 15,000 ಅಡಿಯಲ್ಲಿ ಇರಬೇಕಿತ್ತು. ಎದುರಿಗೆ ವಿಮಾನ ಬರುತ್ತಿದೆ ಎಂದು ನಿಯಂತ್ರಕರು ಎಚ್ಚರಿಸಿದ್ದರು, ಉತ್ತರವೂ ಬಂದಿತ್ತು. ಕಝಾಕ್ ವಿಮಾನದಲ್ಲಿ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವರು ರೇಡಿಯೊ ಆಪರೇಟರ್. ಅವರ ಮುಂದೆ ಎತ್ತರ ತೋರಿಸುವ ಉಪಕರಣ ಇರಲಿಲ್ಲ. ಪೈಲಟ್‌ಗಳ ಹೆಗಲ ಮೇಲಿಂದ ಬಾಗಿ ನೋಡಬೇಕಿತ್ತು. ವಿಮಾನ ನಡೆಸುತ್ತಿದ್ದವರಿಗೆ ಆದೇಶದ ಇಂಗ್ಲಿಷ್ ಸರಿಯಾಗಿ ದಾಟಿರಲಿಲ್ಲ. ಕೇಳಿದವರಿಗೆ ವಿಷಯ ಕಾಣುತ್ತಿರಲಿಲ್ಲ, ಕಾಣುತ್ತಿದ್ದವರಿಗೆ ಮಾತು ಅರ್ಥವಾಗಿರಲಿಲ್ಲ. ಆಪ್ತಲಕ್ಷಣದ ಎರಡು ಅಂಗಗಳು ಎರಡು ಬೇರೆ ಆಸನಗಳಲ್ಲಿ ಕುಳಿತಿದ್ದವು. ದೆಹಲಿಯಲ್ಲಿ ಆಗ ಇದ್ದ ಪ್ರಾಥಮಿಕ ರಾಡಾರ್ ವಿಮಾನದ ಎತ್ತರ ತೋರಿಸುತ್ತಿರಲಿಲ್ಲವಾದ್ದರಿಂದ ನಿಯಂತ್ರಕರಿಗೂ ಪೈಲಟ್ ಹೇಳಿದ್ದೇ ಆಧಾರ. ನ್ಯಾಯಮೂರ್ತಿ ಆರ್.ಸಿ. ಲಹೋಟಿ ಆಯೋಗದ ತನಿಖೆಯ ನಂತರ ಭಾರತದ ಆಕಾಶದಲ್ಲಿ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಪೈಲಟ್ ಮತ್ತು ನಿಯಂತ್ರಕರ ಇಂಗ್ಲಿಷಿಗೆ ಮಟ್ಟ ಗೊತ್ತುಪಡಿಸುವ ಐಕಾವೊ ನಿಯಮದ ಹಿಂದೆಯೂ ಈ ದುರಂತ ಇದೆ. ವಾತ್ಸ್ಯಾಯನ ಮ್ಲೇಚ್ಛನಿಗೂ ಕೊಟ್ಟ ಆಪ್ತಸ್ಥಾನ ನಿಜವೇ. ಅದನ್ನು ಸಾಧ್ಯವಾಗಿಸಲು ಸಮಾನವಾದ ಮಾತು ಬೇಕು.

ಉಪಕರಣ ಬಂದ ಮೇಲೆ ಹೊಸ ಪ್ರಶ್ನೆ ಎದ್ದಿತು. ಯಂತ್ರ ಒಂದು ಹೇಳಿ ನಿಯಂತ್ರಕರು ಇನ್ನೊಂದು ಹೇಳಿದರೆ ಯಾವುದು ಪ್ರಮಾಣ? 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗೆನ್ ಮೇಲೆ ರಷ್ಯಾದ ಪ್ರಯಾಣಿಕ ವಿಮಾನವೂ ಡಿಎಚ್‌ಎಲ್ ಸರಕು ವಿಮಾನವೂ ಒಂದೇ ಎತ್ತರದಲ್ಲಿ ಎದುರಾದವು. ಡಿಕ್ಕಿಗೆ ಒಂದು ನಿಮಿಷವೂ ಇಲ್ಲದಿದ್ದಾಗ ಝೂರಿಕ್‌ನ ನಿಯಂತ್ರಕರು ರಷ್ಯನ್ ವಿಮಾನಕ್ಕೆ ಇಳಿಯಲು ಹೇಳಿದರು. ಅದರ ಉಪಕರಣ ಏರಲು ಹೇಳಿತು. ಸರಕು ವಿಮಾನಕ್ಕೆ ಉಪಕರಣ ಇಳಿಯಲು ಹೇಳಿತ್ತು. ರಷ್ಯನ್ ಪೈಲಟ್‌ಗಳು ಮನುಷ್ಯನ ಮಾತನ್ನು ನಂಬಿದರು, ಎರಡೂ ಇಳಿದವು. 71 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಪ್ರಮಾಣಗಳ ವಿರೋಧದಲ್ಲಿ ಯಾವುದು ಬಲವತ್ತರ ಎಂಬ ಚರ್ಚೆಯಲ್ಲಿ ಮಧ್ವರ ನಿಲುವು ಉಪಜೀವ್ಯದ ಪರ: ಒಂದು ಪ್ರಮಾಣ ಯಾವುದನ್ನು ಆಧರಿಸಿ ನಿಂತಿದೆಯೋ ಅದನ್ನೇ ಅದು ಅಲ್ಲಗಳೆಯುವಂತಿಲ್ಲ. ನಿಯಂತ್ರಕರ ಆದೇಶ ನಿಂತಿರುವುದು ವಿಮಾನಗಳ ಸ್ಥಾನದ ಅರಿವಿನ ಮೇಲೆ, ಆ ಅರಿವು ಅವರಿಗೆ ತಡವಾಗಿ ಬರುತ್ತದೆ; ಉಪಕರಣಗಳು ಎದುರು ಬದುರಾಗಿ ಕ್ಷಣಕ್ಷಣಕ್ಕೂ ಅದನ್ನು ಅಳೆಯುತ್ತಿರುತ್ತವೆ. ಇಂಥ ಕ್ಷಣದಲ್ಲಿ ಉಪಕರಣದ ಸೂಚನೆಯನ್ನೇ ಪಾಲಿಸಬೇಕೆಂದು ನಂತರ ನಿಯಮ ಸ್ಪಷ್ಟವಾಯಿತು.

ಆ ರಾತ್ರಿಯ ನಿಯಂತ್ರಕರ ಸ್ಥಿತಿಯನ್ನು ನೋಡದೆ ಹೊಣೆಯ ಮಾತು ಆಡಲಾಗದು. ಜೊತೆಗಾರರು ವಿಶ್ರಾಂತಿಗೆ ಹೋಗಿದ್ದರಿಂದ ಅವರೊಬ್ಬರೇ ಎರಡು ಪರದೆಗಳ ಮುಂದೆ ದುಡಿಯುತ್ತಿದ್ದರು. ಆ ರೂಢಿಯನ್ನು ಸಂಸ್ಥೆ ಸಹಿಸಿಕೊಂಡು ಬಂದಿತ್ತು. ದುರಸ್ತಿಗಾಗಿ ಎಚ್ಚರಿಕೆಯ ವ್ಯವಸ್ಥೆಯ ಒಂದು ಭಾಗ ಸ್ಥಗಿತವಾಗಿತ್ತು, ಟೆಲಿಫೋನ್ ಕೆಲಸ ಮಾಡುತ್ತಿರಲಿಲ್ಲ, ತಡವಾಗಿ ಬಂದ ಇನ್ನೊಂದು ವಿಮಾನವನ್ನು ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ ಇಳಿಸಬೇಕಿತ್ತು. 2004ರ ಫೆಬ್ರವರಿಯಲ್ಲಿ, ಡಿಕ್ಕಿಯಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡವರೊಬ್ಬರು ಈ ನಿಯಂತ್ರಕರನ್ನು ಅವರ ಮನೆಯ ಬಾಗಿಲಲ್ಲೇ ಇರಿದು ಕೊಂದರು. 2007ರಲ್ಲಿ ಸ್ವಿಸ್ ನ್ಯಾಯಾಲಯ ನಿಯಂತ್ರಣ ಸಂಸ್ಥೆಯ ನಾಲ್ವರು ಸಿಬ್ಬಂದಿಯನ್ನು ಅಜಾಗರೂಕತೆಯ ಸಾವಿಗೆ ಹೊಣೆ ಮಾಡಿತು.

ಜೈನರ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಸಾವಿನ ಜೊತೆಗೆ ಪ್ರಮಾದವನ್ನೂ ಸೇರಿಸುತ್ತದೆ. ಎಚ್ಚರಗೇಡಿ ನಡತೆಯಿಂದ ಪ್ರಾಣ ಹೋದರೆ ಅದು ಹಿಂಸೆ. ನೋಡಿ ನಡೆಯುವ ಮುನಿಯ ಕಾಲಡಿಗೆ ತಿಳಿಯದೆ ಬಂದ ಜೀವ ಸತ್ತರೆ ಅವನಿಗೆ ಆ ಬಂಧವಿಲ್ಲ. ಪ್ರಮಾದವನ್ನು ತಡೆಯಲೆಂದೇ ಐದು ಸಮಿತಿಗಳಿವೆ. ನಡೆಯುವಾಗಿನ ಎಚ್ಚರ ಒಂದಾದರೆ, ಮಾತಾಡುವಾಗಿನ ಎಚ್ಚರವಾದ ಭಾಷಾಸಮಿತಿ ಇನ್ನೊಂದು. ಈ ಅಳತೆಗೋಲಿನಲ್ಲಿ ನೋಡಿದರೆ ಝೂರಿಕ್‌ನ ನಿಯಂತ್ರಕರದು ಪ್ರಮಾದವೆನ್ನುವುದಕ್ಕಿಂತ ಕರಣಾಪಾಟವ. ಒಬ್ಬ ಮನುಷ್ಯನ ಅಣುಮನಸ್ಸು ಎರಡು ಪರದೆಗಳನ್ನು ಹಿಡಿದಿಡಲಾರದು. ಪ್ರಮಾದ ಇದ್ದದ್ದು ಅವರನ್ನು ಒಂಟಿಯಾಗಿ ಬಿಡುವ ರೂಢಿಯನ್ನು ಕಂಡೂ ಸುಮ್ಮನಿದ್ದವರಲ್ಲಿ. ನ್ಯಾಯಾಲಯದ ತೀರ್ಪು ಸರಿಯಾದ ಕಡೆಗೆ ಬೆರಳು ತೋರಿತು. ಆ ಹೊತ್ತಿಗೆ ಒಬ್ಬರ ಪ್ರಾಣ ಹೋಗಿತ್ತು.

ಅಪಘಾತದ ತನಿಖೆಯ ಏಕೈಕ ಉದ್ದೇಶ ಮುಂದಿನದನ್ನು ತಡೆಯುವುದು, ತಪ್ಪಿತಸ್ಥರನ್ನು ಹುಡುಕುವುದಲ್ಲ ಎಂದು ಐಕಾವೊದ 13ನೇ ಅನುಬಂಧ ಹೇಳುತ್ತದೆ. ಪೈಲಟ್‌ಗಳೂ ನಿಯಂತ್ರಕರೂ ತಮ್ಮ ತಪ್ಪುಗಳನ್ನು ಹೆಸರು ಬಯಲಾಗದಂತೆ ತಿಳಿಸಬಹುದಾದ ವರದಿ ವ್ಯವಸ್ಥೆಯನ್ನು ನಾಸಾ 1976ರಿಂದ ನಡೆಸುತ್ತಿದೆ. ಪ್ರಾಮಾಣಿಕ ತಪ್ಪಿಗೂ ಉದ್ದೇಶಪೂರ್ವಕ ಉಲ್ಲಂಘನೆಗೂ ಗೆರೆ ಎಳೆದು, ಮೊದಲನೆಯದಕ್ಕೆ ಶಿಕ್ಷೆಯ ಭಯವಿಲ್ಲದಂತೆ ಮಾಡುವುದು ಇದರ ಹಿಂದಿನ ತತ್ತ್ವ. ಭಯ ಇದ್ದಲ್ಲಿ ಮೌನ ಹಬ್ಬುತ್ತದೆ. 2022ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಮಾನಾಂತರವಾದ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಮೇಲೆದ್ದು ಅಪಾಯಕರವಾಗಿ ಹತ್ತಿರ ಬಂದವು. ಒಂದೇ ರನ್‌ವೇ ಬಳಸುವ ತೀರ್ಮಾನವಾಗಿದ್ದರೂ ಅದು ಇನ್ನೊಂದು ರನ್‌ವೇಯ ನಿಯಂತ್ರಕರಿಗೆ ತಲುಪಿರಲಿಲ್ಲ. ರಾಡಾರ್ ನಿಯಂತ್ರಕರು ದಿಕ್ಕು ಬದಲಿಸಲು ಹೇಳಿದ್ದರಿಂದ 400ಕ್ಕೂ ಹೆಚ್ಚು ಜನ ಉಳಿದರು. ಘಟನೆ ದಾಖಲೆ ಪುಸ್ತಕಕ್ಕೆ ಏರಲಿಲ್ಲ ಎಂಬುದು ಆಮೇಲೆ ಹೊರಬಂತು. ಒಂದೇ ಕಟ್ಟಡದೊಳಗೆ ಮಾತು ತಲುಪದಿದ್ದದ್ದು ಎಷ್ಟು ದೊಡ್ಡ ಲೋಪವೋ, ನಡೆದದ್ದನ್ನು ಬರೆದಿಡದಿದ್ದದ್ದೂ ಅಷ್ಟೇ ದೊಡ್ಡದು.

ಒತ್ತಡ ಘಟನೆಯೊಂದಿಗೆ ಮುಗಿಯುವುದೂ ಇಲ್ಲ. 2009ರ ಜನವರಿ 15ರಂದು ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್ ಕಳೆದುಕೊಂಡ ಯುಎಸ್ ಏರ್‌ವೇಸ್ 1549 ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಯಿತು, 155 ಜನರೂ ಬದುಕಿದರು. ನಿಯಂತ್ರಕ ಪ್ಯಾಟ್ರಿಕ್ ಹಾರ್ಟೆನ್ ಒಂದಾದ ಮೇಲೊಂದು ರನ್‌ವೇ ಸೂಚಿಸಿದರು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಆಗದು ಎಂಬ ಒಂದೇ ಪದದಲ್ಲಿ ಉತ್ತರಿಸಿದರು. ನದಿಯ ಮಾತು ಬಂದಾಗ ಹಾರ್ಟೆನ್ ಕೇಳಿದ್ದನ್ನು ನಂಬಲಾಗದೆ ಮತ್ತೆ ಹೇಳಿ ಎಂದರು. ಎಲ್ಲರೂ ಸತ್ತರೆಂದೇ ಅವರು ತಿಳಿದಿದ್ದರು. ಬದುಕಿದ್ದಾರೆಂದು ತಿಳಿದ ಮೇಲೂ ಆ ಆಘಾತ ತಮ್ಮನ್ನು ಬಿಡಲಿಲ್ಲ ಎಂದು ಮುಂದಿನ ತಿಂಗಳು ಅಮೆರಿಕದ ಸಂಸತ್ತಿನ ಸಮಿತಿಯೆದುರು ಅವರು ಹೇಳಿಕೊಂಡರು. ಇಂಥ ಘಟನೆಯಾದ ಕೂಡಲೇ ನಿಯಂತ್ರಕರನ್ನು ಆಸನದಿಂದ ಎಬ್ಬಿಸಿ ಬೇರೊಬ್ಬರನ್ನು ಕೂರಿಸುವುದು, ತರಬೇತಾದ ಸಹೋದ್ಯೋಗಿಗಳು ಅವರೊಂದಿಗೆ ಮಾತನಾಡುವುದು ಹಲವು ದೇಶಗಳಲ್ಲಿ ಪದ್ಧತಿಯಾಗಿದೆ. ಇದನ್ನು ದಯೆ ಎಂದಷ್ಟೇ ಎಣಿಸಬಾರದು. ಮುಂದಿನ ವಿಮಾನಕ್ಕೆ ಅವರು ಆಡುವ ಮಾತಿನ ಪ್ರಾಮಾಣ್ಯಕ್ಕೂ ಅದು ಬೇಕು.

ಈಗ ಸಾಗರಗಳ ಮೇಲೆ ಮತ್ತು ಕೆಲವು ಎತ್ತರದ ಮಾರ್ಗಗಳಲ್ಲಿ ಆದೇಶಗಳು ಬರಹವಾಗಿ ಪರದೆಯ ಮೇಲೆ ಬರುತ್ತವೆ. ಸಿಳ್ಳೆಯಿಲ್ಲ, 'ಟೂ' ಮತ್ತು 'ಟು' ಗೊಂದಲವಿಲ್ಲ, ಉಚ್ಚಾರದ ತೊಡಕಿಲ್ಲ. ಜೊತೆಗೆ ಕಳೆದುಹೋಗುವುದೂ ಇದೆ. ಧ್ವನಿ ಅರ್ಥವನ್ನಷ್ಟೇ ಸಾಗಿಸುವುದಿಲ್ಲ. ನೈಯಾಯಿಕರ ಪರಿಭಾಷೆಯಲ್ಲಿ ಅದು ಲಿಂಗವೂ ಹೌದು, ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ನಡುಗುವ ಸ್ವರದಿಂದ ಆಡಿದವರ ಸ್ಥಿತಿಯನ್ನು ಊಹಿಸಬಹುದು. ಒಬ್ಬರಿಗೆ ಹೇಳಿದ್ದು ಅದೇ ತರಂಗಾಂತರದಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ. ಟೆನೆರಿಫೆಯ ಎಂಜಿನಿಯರ್‌ಗೆ ಸಂಶಯ ಹುಟ್ಟಿದ್ದೂ ಹಾಗೆ ಕೇಳಿದ ಮಾತಿನಿಂದಲೇ. ಆದ್ದರಿಂದ ಬರಹದ ಸಂದೇಶವನ್ನು ತುರ್ತಿಲ್ಲದ ಕೆಲಸಗಳಿಗೆ ಇರಿಸಿಕೊಂಡು, ಸೆಕೆಂಡುಗಳ ಲೆಕ್ಕದಲ್ಲಿ ಆದೇಶ ಬದಲಾಗುವ ನಿಲ್ದಾಣದ ಸುತ್ತಲಿನ ವಲಯದಲ್ಲಿ ಇಂದಿಗೂ ಧ್ವನಿಯನ್ನೇ ಮುಖ್ಯ ಸಾಧನವಾಗಿ ಬಳಸಲಾಗುತ್ತಿದೆ.